ಡೆಬಿಯನ್ 12ರಲ್ಲಿ ಲಿಲಿಪಾಂಡ್ 2.18.2 ಕಂಪೈಲ್ ಆಗ್ತಿಲ್ಲ, ಗೈಲ್ 1.8 ಎಲ್ಲಿಂದ ತರೋದು?

ಕ್ವಾಯರ್_ಬಾಸ್:
ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚ್ ಕ್ವಾಯರ್‌ದು ಒಂದು ಹಾಡಿನ ಪುಸ್ತಕ ಇದೆ. ನಾಲ್ಕು ದನಿಯ ಸ್ಟಾಫ್ ನೊಟೇಶನ್, ಕೆಳಗೆ ಕನ್ನಡ ಲಿಪಿಯಲ್ಲೇ ಸಾಹಿತ್ಯ, ಎಲ್ಲಾ ಲಿಲಿಪಾಂಡ್ (ಸ್ವರಲಿಪಿ ಅಚ್ಚು ಜೋಡಿಸುವ ಸಾಫ್ಟ್‌ವೇರ್) 2.18.2ರಲ್ಲಿ ಮಾಡಿದ್ದು. ಈಗ ಅಲ್ಲಲ್ಲಿ ಸ್ವರ ತಿದ್ದಿ ಮತ್ತೆ ಅಚ್ಚು ಹಾಕಿಸಬೇಕು. ಹಳೇ ಪ್ರತಿಗಳೂ ಹಾಡುವವರ ಕೈಯಲ್ಲಿರುವುದರಿಂದ ಪುಟವಾಗಲಿ ಸಾಲಾಗಲಿ ಅತ್ತಿತ್ತ ಆಗುವ ಹಾಗಿಲ್ಲ, ಅದಕ್ಕೇ ಹೊಸ ವರ್ಷನ್ ಬೇಡ ಅಂತ ನಿರ್ಧಾರ. ಪುಸ್ತಕ ಮಾಡಿದವರು ಲಿಲಿಪಾಂಡಿನ ಕೋಡಿಗೇ ಮಾಡಿದ ಒಂದು ಸಣ್ಣ ತಿದ್ದುಪಡಿ, ಅಂದರೆ ಪ್ಯಾಚ್ ಕೂಡ ಇಟ್ಟು ಹೋಗಿದ್ದಾರೆ, ಹಾಗಾಗಿ ಸೋರ್ಸ್‌ನಿಂದಲೇ ಕಟ್ಟಬೇಕು ಅಂದುಕೊಂಡೆ. ಡೆಬಿಯನ್ 12 ಲಿನಕ್ಸ್‌ನಲ್ಲಿ ಕಾನ್ಫಿಗರ್ ಓಡಿಸಿದರೆ ಗೈಲ್ 1.8 (ಲಿಲಿಪಾಂಡ್ ಒಳಗೆ ಸ್ಕೀಮ್ ಭಾಷೆ ಓಡಿಸುವ ಭಾಗ) ಇಲ್ಲ, ಪೈಥಾನ್ 2 ಇಲ್ಲ ಅಂತ ನಿಲ್ಲುತ್ತದೆ. ಗೈಲ್ 1.8.8ರ ಸೋರ್ಸ್ ತಂದು ಅದನ್ನೇ ಮೊದಲು ಕಟ್ಟೋಣ ಅಂದರೆ ಅದೂ ಅರ್ಧದಲ್ಲೇ ಎರರ್. ಯಾರಾದರೂ ಇತ್ತೀಚೆಗೆ ಮಾಡಿದ್ದೀರಾ?

ಟರ್ಮಿನಲ್_ತಾತ:
ಮಾಡಬಹುದು ಸರ್, ಆದರೆ ಡೆಬಿಯನ್ 12ರ ಮೇಲೆ ನೇರವಾಗಿ ಬೇಡ. ಗೈಲ್ 1.8.8 ಬಂದಿದ್ದು 2010ರಲ್ಲಿ. ವಾರ್ನಿಂಗ್ ಬಂದರೂ ಎರರ್ ಅಂತ ನಿಲ್ಲುವ ಹಾಗೆ ಅದನ್ನು ಬರೆದಿದ್ದಾರೆ, ಇವತ್ತಿನ ಜಿಸಿಸಿ ಕಂಪೈಲರ್ ಆ ಕೋಡ್ ನೋಡಿ ವಾರ್ನಿಂಗ್ ಕೊಡದೆ ಇರುತ್ತಾ? ಡಿಸೇಬಲ್-ಎರರ್-ಆನ್-ವಾರ್ನಿಂಗ್ ಅನ್ನೋ ಕಾನ್ಫಿಗರ್ ಆಪ್ಶನ್ ಕೊಟ್ಟರೆ ಅದೊಂದು ದಾಟಬಹುದು. ಆಮೇಲೆ ಲಿಲಿಪಾಂಡಿನ ಸಿ++ ಬೇರೆ 98ರ ಕಾಲದ ಶೈಲಿ, ಹೊಸ ಜಿಸಿಸಿ ತಾನಾಗಿ ಸಿ++17 ಅಂದುಕೊಳ್ಳುತ್ತದೆ. ಆಮೇಲೆ ಪೈಥಾನ್ 2. ಆಮೇಲೆ ಮೆಟಾಫಾಂಟ್, ಮೆಟಾಪೋಸ್ಟ್, ಫಾಂಟ್‌ಫೋರ್ಜ್, ಯಾಕಂದ್ರೆ ಇದು ಸ್ವರಚಿಹ್ನೆಗಳ ಫಾಂಟನ್ನೂ ಕಂಪೈಲ್ ಮಾಡುವಾಗಲೇ ಎಂಟು ಅಳತೆಗಳಲ್ಲಿ ತಾನೇ ಬರೆದುಕೊಳ್ಳುತ್ತದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಬಾಯಿ ತೆರೆಯುತ್ತದೆ.

ಡೆಬಿಯನ್‌ನವರಿಗೇ ಇದು ಸಾಕಾಗಿತ್ತು. ಗೈಲ್ 1.8 ತೆಗೆದ ಮೇಲೆ ಡೆಬಿಯನ್ 9ರಲ್ಲಿ ಲಿಲಿಪಾಂಡೇ ಇರಲಿಲ್ಲ. 10ರಲ್ಲಿ ವಾಪಸ್ ಬಂದಾಗ ಪ್ಯಾಕೇಜಿನ ವರ್ಷನ್ ಹೆಸರೇ "2.19.81+ರಿಯಲಿ-2.18.2". ಹೊರಗೆ ಹೊಸದು ಅಂತ ಬೋರ್ಡು, ಒಳಗೆ ಹಳೇದೇ, ಗೈಲ್ 1.8ನ್ನೂ ತನ್ನ ಜೊತೆಗೇ ಕಟ್ಟಿಕೊಂಡು ಬಂತು.

ಸುಲಭದ ದಾರಿ ಡೆಬಿಯನ್ 8, ಅಂದರೆ ಜೆಸ್ಸಿ. ಅದರಲ್ಲಿ 2.18.2 ಕೂಡ ಇದೆ, ಗೈಲ್ 1.8 ಕೂಡ ಇದೆ. ಡಾಕರ್ ಅಥವಾ ಪಾಡ್‌ಮ್ಯಾನ್‌ನಲ್ಲಿ ಜೆಸ್ಸಿ ಕಂಟೇನರ್ (ನಿಮ್ಮ ಸಿಸ್ಟಮ್ ಒಳಗೇ ಬೇರೆಯಾಗಿ ಓಡುವ ಹಳೇ ಡೆಬಿಯನ್) ಎಬ್ಬಿಸಿ. ಅದರ ಪ್ಯಾಕೇಜುಗಳು ಈಗ ಮಾಮೂಲಿ ಮಿರರ್‌ಗಳಲ್ಲಿಲ್ಲ, ಡೆಬಿಯನ್ ಆರ್ಕೈವ್ ಸರ್ವರಿನಲ್ಲಿವೆ. ಸೋರ್ಸಸ್ ಲಿಸ್ಟಿನಲ್ಲಿ ಆ ವಿಳಾಸ ಹಾಕಿ, ಸಹಿ ಕೀಗಳ ಅವಧಿ ಮುಗಿದಿರುವುದರಿಂದ ಪಕ್ಕದಲ್ಲಿ ಟ್ರಸ್ಟೆಡ್=ಯೆಸ್ ಅಂತ ಬರೆಯಿರಿ, ಡೆಬ್-ಸೋರ್ಸ್ ಸಾಲನ್ನೂ ಮರೆಯಬೇಡಿ. ಆಮೇಲೆ ಆಪ್ಟ್‌ಗೆ ಲಿಲಿಪಾಂಡಿನ ಬಿಲ್ಡ್-ಡೆಪ್ ಕೊಟ್ಟರೆ ಬೇಕಾದ ಸಾಮಾನೆಲ್ಲಾ ಒಂದೇ ಸಲಕ್ಕೆ ಬರುತ್ತದೆ. ಬೇರೆ ಬಿಲ್ಡ್ ಫೋಲ್ಡರ್ ಮಾಡಿ ಅಲ್ಲಿಂದ ಕಾನ್ಫಿಗರ್, ಮೇಕ್. ಮೇಕ್ ಡಾಕ್ ಮಾತ್ರ ಕೊಡಬೇಡಿ, ಮ್ಯಾನ್ಯುಯಲ್ ಪೂರ್ತಿ ಕಟ್ಟೋಕೆ ಕೂತರೆ ಮುಗಿಯೋದೇ ಇಲ್ಲ.

ಇಂಟರ್ನೆಟ್‌ಗೆ ತೆರೆದಿಟ್ಟ ಮಷೀನಿನಲ್ಲಿ ಜೆಸ್ಸಿ ಓಡಿಸಬೇಡಿ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ. ಕಂಟೇನರ್ ಒಳಗೆ ಪಿಡಿಎಫ್ ಮಾಡಿಕೊಂಡು ಹೊರಗೆ ಬಂದರಾಯಿತು.

ಸುಮ್ನೆ_ಶ್ರುತಿ:
ಒಂದು ನಿಮಿಷ. ಆ ಪ್ಯಾಚ್ ಏನು ಮಾಡುತ್ತದೆ, ಯಾವ ಫೈಲ್ ಮುಟ್ಟುತ್ತದೆ?

ಕ್ವಾಯರ್_ಬಾಸ್:
ಮುಟ್ಟೋದು ಎಸ್‌ಸಿಎಂ ಫೋಲ್ಡರಿನ ಡಿಫೈನ್-ಗ್ರಾಬ್ಸ್ ಫೈಲ್ ಒಂದೇ. ಸಾಹಿತ್ಯದಲ್ಲಿ ಅಕ್ಷರಗಳ ನಡುವೆ ಬರುವ ಗೆರೆ ಇದೆಯಲ್ಲ, ಅದರ ಎತ್ತರ 0.42 ಇದ್ದದ್ದನ್ನು ಜಾಸ್ತಿ ಮಾಡಿದ್ದಾರೆ, ಉದ್ದ ಸ್ವಲ್ಪ ಕಡಿಮೆ ಮಾಡಿದ್ದಾರೆ. ಕನ್ನಡ ಅಕ್ಷರದ ನಡುಮಧ್ಯಕ್ಕೆ ಗೆರೆ ಬರಲಿ ಅಂತ ಇರಬೇಕು.

ಸುಮ್ನೆ_ಶ್ರುತಿ:
ಹಾಗಾದರೆ ಕಂಪೈಲ್ ಮಾಡುವ ಕೆಲಸವೇ ಇಲ್ಲ! ಅದು ಸ್ಕೀಮ್ ಫೈಲ್. ಲಿಲಿಪಾಂಡ್ ಓಡುವಾಗ ಓದಿಕೊಳ್ಳುತ್ತದೆ, ಬೈನರಿ ಒಳಗೆ ಸೇರುವುದಿಲ್ಲ. ಫೈಲನ್ನೂ ಮುಟ್ಟಬೇಕಿಲ್ಲ. ನಿಮ್ಮ ಲೇಔಟ್ ಬ್ಲಾಕಿನಲ್ಲಿ ಲಿರಿಕ್ಸ್ ಕಾಂಟೆಕ್ಸ್ಟ್ ಒಳಗೆ ಲಿರಿಕ್‌ಹೈಫನ್‌ನ ಹೈಟ್ ಮತ್ತು ಲೆಂತ್ ಎರಡಕ್ಕೂ ಓವರ್‌ರೈಡ್ ಬರೆಯಿರಿ, ಪ್ಯಾಚಿನಲ್ಲಿರುವ ಸಂಖ್ಯೆಗಳನ್ನೇ ಹಾಕಿ. ಎಲ್ಲಾ ಹಾಡಿಗೂ ಇನ್‌ಕ್ಲೂಡ್ ಆಗುವ ಒಂದು ಫೈಲಿನಲ್ಲಿಟ್ಟರೆ ಮುಂದೆ ಯಾರ ಕೈಗೆ ಹೋದರೂ ಪ್ಯಾಚ್ ಹುಡುಕುವ ಗೋಜಿಲ್ಲ.

ತಾತ ಹೇಳಿದ ಜೆಸ್ಸಿ ಕಂಟೇನರ್ ಇಟ್ಟುಕೊಳ್ಳಿ, ಬಿಲ್ಡ್-ಡೆಪ್ ಬದಲು ಲಿಲಿಪಾಂಡ್ ಪ್ಯಾಕೇಜನ್ನೇ ಇನ್‌ಸ್ಟಾಲ್ ಮಾಡಿ. ಲಿಲಿಪಾಂಡ್ ಸೈಟಿನ ಹಳೇ ಡೌನ್‌ಲೋಡ್‌ಗಳಲ್ಲಿ 2.18.2ರ ರೆಡಿ ಇನ್‌ಸ್ಟಾಲರ್ ಕೂಡ ಇದೆ, ಆದರೆ ಅದು ತನ್ನದೇ ಪ್ಯಾಂಗೋ ತರುತ್ತದೆ. ಕನ್ನಡ ಒತ್ತಕ್ಷರ ಜೋಡಿಸುವುದು ಪ್ಯಾಂಗೋ ಕೆಲಸ. ನಿಮಗೆ ಬೇಕಿರುವುದು ಹಳೇ ಪುಸ್ತಕದ ಹಾಗೇ ಬರೋದು, ಹಾಗಾಗಿ ಪುಸ್ತಕ ಯಾವುದರಲ್ಲಿ ಮಾಡಿದ್ದು ಅಂತ ಗೊತ್ತಾಗುವವರೆಗೂ ಅದನ್ನು ನಂಬಬೇಡಿ.

ಇನ್ನೊಂದು, ಇದು ಮುಖ್ಯ. ಫಾಂಟ್ ಅದೇ ಇರಬೇಕು, ಅದೇ ವರ್ಷನ್ ಆದರೆ ಇನ್ನೂ ಒಳ್ಳೇದು. ಸಾಹಿತ್ಯದ ಅಕ್ಷರ ಎಷ್ಟು ಅಗಲ ಅನ್ನೋದರ ಮೇಲೆ ಸ್ವರಗಳ ನಡುವಿನ ಜಾಗ, ಅದರ ಮೇಲೆ ಸಾಲು ಮುರಿಯುವ ಜಾಗ. ಲಿಲಿಪಾಂಡ್ ಅದೇ ಇದ್ದೂ ಫಾಂಟ್ ಬದಲಾದರೆ "ಸ್ತೋತ್ರ"ದಂಥ ಒಂದು ಪದ ಸಾಕು, ಕೊನೆಯ ಬಾರ್ ಕೆಳಗಿನ ಸಾಲಿಗೆ ಜಿಗಿಯುತ್ತದೆ. ಖಾಲಿ ಕಂಟೇನರಿನಲ್ಲಿ ಕನ್ನಡ ಫಾಂಟೇ ಇರುವುದಿಲ್ಲ, ಬರೀ ಡಬ್ಬಿಗಳು ಬರುತ್ತವೆ. ಹಳೇ ಪಿಡಿಎಫ್ ಮೇಲೆ ಪಿಡಿಎಫ್‌ಫಾಂಟ್ಸ್ ಕಮಾಂಡ್ ಓಡಿಸಿ ಹೆಸರು ನೋಡಿಕೊಳ್ಳಿ.

ಟರ್ಮಿನಲ್_ತಾತ:
ಶ್ರುತಿಯವರು ಹೇಳಿದ್ದು ಸರಿ, ಪ್ಯಾಚ್ ಅಂದ ತಕ್ಷಣ ನಾನು ಸಿ++ ಅಂತಲೇ ಅಂದುಕೊಂಡೆ. ಆದರೂ ಒಂದು ಮಾತು. ಮುಂದಿನ ಆವೃತ್ತಿಗೆ ಹೇಗೂ ಪುಟ ಬದಲಾಗುವುದಾದರೆ ಆಗಲಾದರೂ 2.24ಕ್ಕೆ ಬನ್ನಿ. ಅದು 2022ರ ಕೊನೆಯಲ್ಲಿ ಬಂತು, ಗೈಲ್ 2.2 ಮೇಲೆ ಓಡುತ್ತದೆ, ಡೆಬಿಯನ್ 12ರಲ್ಲೇ ಇದೆ. ಕನ್ವರ್ಟ್-ಎಲ್‌ವೈ ಬಹುಪಾಲು ಸಿಂಟ್ಯಾಕ್ಸ್ ತಾನೇ ಬದಲಿಸುತ್ತದೆ, ಕೈಯಲ್ಲಿ ಬರೆದ ಸ್ಕೀಮ್ ಫಂಕ್ಷನ್‌ಗಳನ್ನು ಮಾತ್ರ ಒಂದೊಂದಾಗಿ ನೋಡಬೇಕು.

ಕ್ವಾಯರ್_ಬಾಸ್:
ಇಬ್ಬರಿಗೂ ಥ್ಯಾಂಕ್ಸ್. ಪಿಡಿಎಫ್‌ಫಾಂಟ್ಸ್‌ನಲ್ಲಿ ಲೋಹಿತ್ ಕನ್ನಡ ಅಂತ ಬಂತು. ಜೆಸ್ಸಿಯಲ್ಲಿ ಲೋಹಿತ್ ಪ್ಯಾಕೇಜ್ ಇದೆ, ಅದನ್ನೂ ಲಿಲಿಪಾಂಡನ್ನೂ ಹಾಕಿ ಓವರ್‌ರೈಡ್ ಬರೆದು ಮೊದಲ ಹಾಡು ತೆಗೆದೆ. ಹಳೇ ಪುಟವನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರೆ ಸಾಲುಗಳು ಕೂಡುತ್ತಿವೆ. ಎರಡನೇ ಚರಣದಲ್ಲಿ "ಸತ್ಯ" ಮಾತ್ರ ಒಡೆದು ಬರುತ್ತಿದೆ, ತ ಮೇಲೆ ಅರ್ಧಚಿಹ್ನೆ, ಯ ಬೇರೆ.

ಸುಮ್ನೆ_ಶ್ರುತಿ:
ಫೈಲಿನಲ್ಲಿ ಸತ್ ಆದ ಮೇಲೆ ಗೆರೆ ಹಾಕಿ ಯ ಬರೆದಿದೆಯಾ ನೋಡಿ. ಹಾಗೆ ಕತ್ತರಿಸಿದರೆ ಎರಡೂ ಬೇರೆ ಬೇರೆ ತುಂಡು, ಒತ್ತು ಕೂಡುವುದಿಲ್ಲ. ಸ, ಗೆರೆ, ತ್ಯ ಅಂತ ಮಾಡಿ.