ಅಮೆರಿಕದ ಎರಡು ಪಕ್ಷಗಳು ವಲಸೆ ವಿಷಯದಲ್ಲಿ ಯಾಕೆ ಒಂದಾಗುವುದಿಲ್ಲ?

ಕಬ್ಬಿನಗದ್ದೆ, ಮಂಡ್ಯ:
ನಮ್ಮಕ್ಕ, ಭಾವ ಟೆಕ್ಸಾಸ್‌ಗೆ ಹೋಗಿ 14 ವರ್ಷ ಆಯಿತು. ಭಾವನದು ಎಚ್-1ಬಿ, ಅಂದರೆ ಕೆಲಸದ ವೀಸಾ. ಅಲ್ಲೇ ಕಾಯಂ ಆಗಿ ಇರಲು ಬೇಕಾದ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿ ಇನ್ನೂ ಸಾಲಿನಲ್ಲೇ ಇದ್ದಾರೆ. ಮಗಳು ಆರು ವರ್ಷದವಳಿದ್ದಾಗ ಹೋದವಳು, ಬರುವ ವರ್ಷ 21 ತುಂಬುತ್ತದೆ, ಆಮೇಲೆ ಅಪ್ಪನ ವೀಸಾದ ಮೇಲೆ ಅಲ್ಲಿ ಇರುವ ಹಾಗಿಲ್ಲ. ಅಕ್ಕ ಫೋನ್ ಮಾಡಿದಾಗಲೆಲ್ಲ ಅಳುತ್ತಾಳೆ. ಟಿವಿ ಹಾಕಿದರೆ ಗಡಿ, ಗೋಡೆ, ಗಡೀಪಾರು, ಅಷ್ಟೇ. ಕಾವೇರಿ ವಿಷಯ ಬಂದರೆ ನಮ್ಮಲ್ಲಿ ದಿನಾ ಕಿತ್ತಾಡುವವರೂ ಸರ್ವಪಕ್ಷ ಸಭೆಯಲ್ಲಿ ಕೂರುತ್ತಾರೆ, ಅಲ್ವಾ? ಅವರಿಗೇಕೆ ಆಗುವುದಿಲ್ಲ? ಗೊತ್ತಿರುವವರು ಬಿಡಿಸಿ ಹೇಳಿ.

ಸರಸ್ವತಿಪುರಂ ಮೇಷ್ಟ್ರು, ಮೈಸೂರು:
ಕಾವೇರಿಯಲ್ಲಿ ನಮ್ಮ ಪಕ್ಷಗಳೆಲ್ಲ ಒಂದೇ ದಂಡೆಯವು. ಅಲ್ಲಿ ಎರಡು ದಂಡೆಯವರೂ ಒಂದೇ ಸಭೆಯಲ್ಲಿದ್ದಾರೆ.

ಹಾಗಂತ ಆಗಿಯೇ ಇಲ್ಲ ಅಂತಲ್ಲ. 1986ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು ರಿಪಬ್ಲಿಕನ್, ಡೆಮಾಕ್ರಟ್ ಎರಡೂ ಪಕ್ಷದವರು ಸೇರಿ ಮಾಡಿದ್ದು. ದಾಖಲೆ ಇಲ್ಲದ ಸುಮಾರು 27 ಲಕ್ಷ ಜನಕ್ಕೆ ಕಾಯಂ ಆಗಿ ಇರುವ ಹಕ್ಕು ಸಿಕ್ಕಿತು. ಅದಕ್ಕೆ ಬದಲಾಗಿ, ಇನ್ನು ಮುಂದೆ ಅಂಥವರನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕರಿಗೆ ದಂಡ. ಮೊದಲನೆಯದು ನಡೆಯಿತು, ಎರಡನೆಯದು ಸರಿಯಾಗಿ ನಡೆಯಲಿಲ್ಲ, ನಕಲಿ ಕಾಗದ ತೋರಿಸಿದರೆ ಸಾಕಾಗುತ್ತಿತ್ತು. ‘ಮೊದಲು ಗಡಿ ಭದ್ರ ಮಾಡಿ, ಆಮೇಲೆ ಮಾತು’ ಅಂತ ರಿಪಬ್ಲಿಕನ್ನರು ಇವತ್ತಿಗೂ ಹೇಳುವುದು ಅದಕ್ಕೇ. ಅದನ್ನು ಸುಮ್ನೆ ಹಠ ಅಂತ ತಳ್ಳಿಹಾಕಬಾರದು. 2013ರಲ್ಲಿ ಎರಡೂ ಕಡೆಯಿಂದ ನಾಲ್ಕು ನಾಲ್ಕು ಸೆನೆಟರ್‌ಗಳು, ಅಂದರೆ ಮೇಲ್ಮನೆ ಸದಸ್ಯರು, ಕೂತು ಮಸೂದೆ ಬರೆದರು. ಗಡಿ ಕಾವಲಿಗೂ ಜನ ಜಾಸ್ತಿ, ದಾಖಲೆ ಇಲ್ಲದವರಿಗೂ 13 ವರ್ಷ ಕಾದರೆ ಪೌರತ್ವ. ಸೆನೆಟ್‌ನಲ್ಲಿ 68-32ರಿಂದ ಗೆದ್ದಿತು, ಕೆಳಮನೆಯಲ್ಲಿ ಮತಕ್ಕೇ ಹಾಕಲಿಲ್ಲ.

ಡಲ್ಲಾಸ್ ಮೈಸೂರಿಗ:
ಮೇಷ್ಟ್ರೇ, 2024 ಬಿಟ್ಟಿರಿ. ರಿಪಬ್ಲಿಕನ್ ಲ್ಯಾಂಕ್‌ಫರ್ಡ್, ಡೆಮಾಕ್ರಟ್ ಮರ್ಫಿ, ಪಕ್ಷೇತರ ಸಿನೆಮಾ ಸೇರಿ ಬಿಗಿಯಾದ ಗಡಿ ಮಸೂದೆ ತಂದರು. ಅದರಲ್ಲೇ ಮಂಡ್ಯದವರ ಅಕ್ಕನ ಮಗಳಂಥ ಮಕ್ಕಳಿಗೂ ರಕ್ಷಣೆ ಇತ್ತು! ಚುನಾವಣೆ ವರ್ಷ, ಟ್ರಂಪ್ ಬೇಡ ಅಂದರು, ಕೆಲವು ಡೆಮಾಕ್ರಟರಿಗೂ ಅದು ತೀರಾ ಕಠಿಣ ಅನ್ನಿಸಿತು. ಸೆನೆಟ್‌ನಲ್ಲಿ 60 ಮತ ಬೇಕಿತ್ತು, ಬಂದಿದ್ದು 49.

ಆದರೆ ನನಗೆ ಜಾಸ್ತಿ ನೋವಾಗಿದ್ದು ಅದಕ್ಕಿಂತ ಮುಂಚೆ. ಯಾವ ದೇಶದವರಿಗೂ ಶೇ 7ಕ್ಕಿಂತ ಜಾಸ್ತಿ ಗ್ರೀನ್ ಕಾರ್ಡ್ ಇಲ್ಲ ಅನ್ನುವ ಮಿತಿಯಿಂದಲೇ ನಮ್ಮವರ ಸಾಲು ಇಷ್ಟು ಉದ್ದ. ಉದ್ಯೋಗದ ಕಾರ್ಡ್‌ಗಳಿಗೆ ಅದನ್ನು ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ 365-65ರಿಂದ ಗೆದ್ದಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್‌ನಲ್ಲೂ ಯಾರ ಆಕ್ಷೇಪವೂ ಇಲ್ಲದೆ ಪಾಸಾಯಿತು. ಅವತ್ತು ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿ ‘ಆಯ್ತಮ್ಮಾ’ ಅಂದುಬಿಟ್ಟೆ. ಎರಡು ಮನೆಯ ಕರಡೂ ಬೇರೆ ಬೇರೆ ಇತ್ತು, ಹೊಂದಿಸುವಷ್ಟರಲ್ಲಿ ಆ ಸಂಸತ್ತಿನ ಅವಧಿ ಮುಗಿಯಿತು. ಒಪ್ಪಿಗೆ ಇದ್ದೂ ಕೈತಪ್ಪಿತು ನೋಡಿ.

ಪಾಂಡವಪುರದ ಹುಡುಗಿ:
ಒಟ್ಟು ಕಾರ್ಡ್ ಜಾಸ್ತಿ ಮಾಡದೆ ಮಿತಿ ತೆಗೆದರೆ ಬೇರೆ ದೇಶದವರ ಸಾಲು ಬೆಳೆಯುತ್ತದೆ, ಅವರೂ ಮನುಷ್ಯರೇ ಅಲ್ವಾ? ಎಲ್ಲವನ್ನೂ ಒಂದೇ ಮೂಟೆ ಕಟ್ಟುವುದು ಬಿಟ್ಟು, ಈ ಮಕ್ಕಳ ವಿಷಯವನ್ನಾದರೂ ಬೇರೆಯಾಗಿ ಪಾಸು ಮಾಡಲಿ. ಅಣ್ಣಾ, ಮಗು 21 ತುಂಬುವ ಮುಂಚೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಲು ಅರ್ಜಿ ಹಾಕಬಹುದು. ಒಳ್ಳೆ ವಕೀಲರನ್ನು ಈಗಲೇ ಕೇಳಿ.

ಕಬ್ಬಿನಗದ್ದೆ, ಮಂಡ್ಯ:
ಎಫ್-1 ವಿಷಯ ಅಕ್ಕನಿಗೆ ಗೊತ್ತಿದೆಯೋ ಇಲ್ಲವೋ. ಅಲ್ಲಿ ಬೆಳಗಾದ ಕೂಡಲೇ ಫೋನ್ ಮಾಡುತ್ತೇನೆ.