ಹೆರಾಲ್ಡ್ ಡೋರ್ ಮೇಲ್ಗಡೆ ತಾಗುತ್ತಿದೆ, ಕೆಳಗಡೆ ಸಂದು ಜಾಸ್ತಿ: ಏನು ಮಾಡಲಿ?

ಮೈಸೂರು ಹೆರಾಲ್ಡ್

ಎಲ್ಲರಿಗೂ ನಮಸ್ಕಾರ. 1964ರ ಎರಡು ಡೋರಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ರೆಡಿ ಮಾಡಿಸುತ್ತಿದ್ದೇನೆ. ನಮ್ಮ ಮಾವನವರ ಗಾಡಿ. ಬಾಡಿ ಬಿಚ್ಚಿ, ಚಾಸಿಗೆ (ಅಡಿಯ ಚೌಕಟ್ಟಿಗೆ) ಬಣ್ಣ ಹೊಡೆದು, ಮತ್ತೆ ಕೂರಿಸಿದ್ದಾರೆ. ಈಗ ಬಲಗಡೆ ಡೋರ್ ಸರಿಯಾಗಿ ಮುಚ್ಚುತ್ತಿಲ್ಲ. ಡೋರಿನ ಹಿಂದಿನ ಅಂಚು ಮೇಲ್ಗಡೆ ಬಾಡಿಗೆ ತಾಗುತ್ತದೆ, ಅಲ್ಲಿ 2 ಮಿ.ಮೀ. ಕೂಡ ಸಂದಿಲ್ಲ. ಕೆಳಗೆ 9 ಮಿ.ಮೀ. ಇದೆ. ಎತ್ತಿ ತಳ್ಳಿದರೆ ಮಾತ್ರ ಲಾಕ್ ಬೀಳುತ್ತದೆ. ಎಡಗಡೆಯೂ ಹೀಗೇ, ಸ್ವಲ್ಪ ಕಡಿಮೆ.

ಮೇಲ್ಗಡೆ ಅಂಚನ್ನು ಗ್ರೈಂಡ್ ಮಾಡೋಣ, ಕೆಳಗೆ ಶೀಟ್ ಪಟ್ಟಿ ವೆಲ್ಡ್ ಮಾಡಿ ಪುಟ್ಟಿ ಹಚ್ಚೋಣ ಅಂತ ಟಿಂಕರ್ ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯಾ?

ದಾವಣಗೆರೆ ಪದ್ಮಿನಿ

ಸರ್, ಸ್ಟ್ರೈಕರ್ (ಕಂಬದ ಮೇಲೆ ಡೋರ್ ಲಾಕ್ ಸಿಕ್ಕಿಕೊಳ್ಳುವ ತುಂಡು) ಸ್ವಲ್ಪ ಕೆಳಗಿಳಿಸಿ ನೋಡಿ. ನನ್ನ ಪದ್ಮಿನಿಯಲ್ಲಿ ಅಷ್ಟಕ್ಕೇ ಸರಿಹೋಯಿತು.

ಹಳೇ ಬಾಡಿ ಕೆಲಸ, ಬೆಂಗಳೂರು

ದಯವಿಟ್ಟು ಡೋರಿಗೆ ಗ್ರೈಂಡರ್ ಮುಟ್ಟಿಸಲು ಬಿಡಬೇಡಿ. ಪೇಂಟ್ ಕೆಲಸ ಇದ್ದರೆ ಮುಂದಕ್ಕೆ ಹಾಕಿ. ಬಾಡಿ ಬಿಚ್ಚುವ ಮೊದಲು ಮುಚ್ಚುತ್ತಿದ್ದ ಡೋರ್ ಈಗ ಮುಚ್ಚುತ್ತಿಲ್ಲ ಅಂದರೆ, ಅದನ್ನು ಹಿಡಿದುಕೊಂಡಿರುವ ಬಾಡಿ ಸರಿದಿದೆ. ಡೋರ್ ಕತ್ತರಿಸಿದರೆ ಅದು ಮುಂದೆ ಯಾವತ್ತೂ ಸರಿಹೋಗುವುದಿಲ್ಲ. ಹೆರಾಲ್ಡಿನ ಒಳ್ಳೇ ಡೋರ್ ಹುಡುಕುವ ಕಷ್ಟ ನನಗೆ ಗೊತ್ತು.

ಸ್ಟ್ರೈಕರ್ ಮಾತು ಆಮೇಲೆ. ಮೊದಲು ಈ ಗಾಡಿ ಹೇಗೆ ಕಟ್ಟಿದ್ದಾರೆ ನೋಡಿ. 1950ರ ದಶಕದಲ್ಲಿ ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಷರ್ ಅಂಡ್ ಲಡ್ಲೋ, ಎದುರಾಳಿ ಕಾರು ಕಂಪನಿ ಬಿಎಂಸಿ ಕೈಗೆ ಹೋಯಿತು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸುವುದು ಕಷ್ಟವಾಯಿತು. ಹಾಗಾಗಿ 1959ರಲ್ಲಿ ಬಂದ ಹೆರಾಲ್ಡಿಗೆ ಬೇರೆ ಚಾಸಿ ಇಟ್ಟು, ಅದರ ಮೇಲೆ ಬಾಡಿಯನ್ನು ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸಿದರು. 1961ರಿಂದ ಮದ್ರಾಸಿನಲ್ಲಿ ತಯಾರಾದದ್ದೂ ಇದೇ ಲೆಕ್ಕ. ಮುಂದಿನ ತುಂಡಿನಲ್ಲಿ ಡ್ಯಾಶ್, ಗ್ಲಾಸಿನ ಫ್ರೇಮ್, ಹಿಂಜ್ ಕಂಬ. ಹಿಂದಿನ ತುಂಡಿನಲ್ಲಿ ಲಾಕ್ ಕಂಬ. ರೂಫ್ ಕೂಡ ಬೋಲ್ಟಿನದೇ. ಅಂದರೆ ನಿಮ್ಮ ಡೋರ್ ನೇತಾಡುವುದು ಒಂದು ತುಂಡಿಗೆ, ಮುಚ್ಚಿಕೊಳ್ಳುವುದು ಇನ್ನೊಂದು ತುಂಡಿಗೆ. ನಡುವೆ ಇರುವ ಸಂದನ್ನು ತೀರ್ಮಾನಿಸುವುದು ಬಾಡಿಗೂ ಚಾಸಿಗೂ ಮಧ್ಯೆ ಇಟ್ಟ ಪ್ಯಾಕಿಂಗ್. ಚಾಸಿಗೆ ಬಣ್ಣ ಹೊಡೆಯುವಾಗ ಆ ಹಳೇ ಪ್ಯಾಕಿಂಗ್ ಎಲ್ಲಿ ಹೋಯಿತು ಕೇಳಿ. ಪ್ರತಿ ಬೋಲ್ಟಿನ ಕೆಳಗೂ ಒಂದೇ ದಪ್ಪ ಇರಲಿಲ್ಲ, ಫ್ಯಾಕ್ಟರಿಯಲ್ಲೇ ಗಾಡಿಗೆ ತಕ್ಕಂತೆ ಹಾಕುತ್ತಿದ್ದರು.

ಮೇಲೆ ಸಂದು ಕಡಿಮೆ, ಕೆಳಗೆ ಜಾಸ್ತಿ ಆಗುವುದು ಎರಡು ಕಾರಣಕ್ಕೆ. ಒಂದು, ಹಿಂಜ್ ಪಿನ್ ಸವೆದು ಡೋರ್ ಜೋತುಬಿದ್ದಿರುವುದು. ಇನ್ನೊಂದು, ಗಾಡಿಯ ನಡುಭಾಗ ಕೆಳಗಿಳಿದು ಎರಡು ತುಂಡುಗಳೂ ಮೇಲ್ಗಡೆ ಒಂದರ ಕಡೆಗೆ ಒಂದು ವಾಲಿರುವುದು. ಹಿಂದಿನ ಅಂಚು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಉತ್ತರ ಇರುವುದು ಮುಂದಿನ ಅಂಚಿನಲ್ಲಿ, ಹಿಂಜ್ ಪಕ್ಕದ ಸಂದಿನಲ್ಲಿ. ಅದು ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಡೋರ್ ಜೋತುಬಿದ್ದಿದೆ. ಮೇಲಿಂದ ಕೆಳಗೆ ಒಂದೇ ಸಮ ಇದ್ದರೆ ಹಿಂಜ್ ಕಂಬವೇ ಡೋರನ್ನು ಹೊತ್ತುಕೊಂಡು ಹಿಂದಕ್ಕೆ ವಾಲಿದೆ.

ಪಿನ್ ಪರೀಕ್ಷೆಯೂ ಮಾಡಿ. ಡೋರನ್ನು ಅರ್ಧ ತೆರೆದು ಹ್ಯಾಂಡಲ್ ಕಡೆಯಿಂದ ಎತ್ತಿ. ಟಕ್ ಅಂತ ಆಟ (ಸಡಿಲ) ಕಂಡರೆ ಪಿನ್ ಸವೆದಿದೆ. ಲೇತ್‌ನಲ್ಲಿ ಸ್ವಲ್ಪ ದಪ್ಪದ ಪಿನ್ ಮಾಡಿಸಿ, ತೂತನ್ನು ರೀಮರ್‌ನಿಂದ ದುಂಡಗೆ ಮಾಡಿ ಹಾಕಿಸಿ. ಪಿನ್‌ನಲ್ಲಿ ಆಟ ಇಟ್ಟುಕೊಂಡು ಹಿಂಜ್ ಬೋಲ್ಟ್ ಸರಿಸುತ್ತಾ ಕೂತರೆ ಸುಮ್ನೆ ಸಮಯ ಹಾಳು.

ಮೈಸೂರು ಹೆರಾಲ್ಡ್

ತುಂಬಾ ಥ್ಯಾಂಕ್ಸ್ ಸರ್. ಈಗಷ್ಟೇ ನೋಡಿಕೊಂಡು ಬಂದೆ. ಮುಂದಿನ ಸಂದು ಎರಡೂ ಕಡೆ ಒಂದೇ ಸಮ ಇದೆ. ಪಿನ್‌ನಲ್ಲಿ ಆಟ ಇಲ್ಲ. ಎಲ್ಲಾ ಬೋಲ್ಟಿನ ಕೆಳಗೂ ಒಂದೇ ತೆಳು ರಬ್ಬರ್ ಶೀಟ್ ಹಾಕಿದ್ದಾರೆ. ಹಳೇ ಪ್ಯಾಕಿಂಗ್ ಗುಜರಿಗೆ ಹೋಗಿದೆಯಂತೆ. ಎಲ್ಲಿಂದ ಶುರು ಮಾಡಿಸಲಿ?

ಹಳೇ ಬಾಡಿ ಕೆಲಸ, ಬೆಂಗಳೂರು

ಹಾಗಿದ್ದರೆ ಒಳ್ಳೇ ಸುದ್ದಿ. ನಿಮ್ಮ ಡೋರ್ ಉಳಿಯಿತು.

ಮೊದಲು ಚಾಸಿ ನೋಡಿ. ನಡುವಿನ ಎರಡು ದಪ್ಪ ರೈಲಿನಿಂದ ಪಕ್ಕಕ್ಕೆ ಚಾಚಿಕೊಂಡಿರುವ ಕೈಗಳಿವೆಯಲ್ವಾ, ಬಾಡಿ ಕೂರುವುದು ಅವುಗಳ ಮೇಲೆ. ತುಕ್ಕು ಹಿಡಿಯುವುದೂ ಅಲ್ಲೇ. ಹೊಸ ಬಣ್ಣ ನಂಬಬೇಡಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಶಬ್ದ ಕೇಳಿ. ಮೆತ್ತಗಿದ್ದರೆ ಮೊದಲು ವೆಲ್ಡಿಂಗ್. ಚಾಸಿ ಗಟ್ಟಿ ಇದ್ದರೆ ಮುಂದಿನ ಮಾತು.

ಗಾಡಿ ನಾಲ್ಕು ಚಕ್ರದ ಮೇಲೆ, ಸಮ ನೆಲದಲ್ಲಿ ನಿಂತಿರಬೇಕು. ಎಂಜಿನ್ ಒಳಗೆ ಇರಬೇಕು. ಖಾಲಿ ಚಾಸಿಯನ್ನು ಸ್ಟ್ಯಾಂಡ್ ಮೇಲಿಟ್ಟು ಸಂದು ಹೊಂದಿಸಿದರೆ, ಭಾರ ಬಿದ್ದ ಮೇಲೆ ಎಲ್ಲಾ ಬದಲಾಗುತ್ತದೆ. ಸ್ಟ್ರೈಕರ್ ಬಿಚ್ಚಿಡಿ. ಡೋರ್ ಬೀಡಿಂಗ್ ರಬ್ಬರ್ ಕೂಡ ತೆಗೆಯಿರಿ. ಡೋರಿನ ಕೆಳಗಿನ ಉದ್ದ ಪಟ್ಟಿ, ಅಂದರೆ ಸಿಲ್, ಅದರ ಬೋಲ್ಟ್‌ಗಳನ್ನು ಸಡಿಲ ಮಾಡಿ. ರೂಫಿನ ಬೋಲ್ಟ್‌ಗಳನ್ನೂ ತಪ್ಪದೇ ಸಡಿಲ ಮಾಡಿ. ರೂಫ್ ಬಿಗಿಯಾಗಿದ್ದರೆ ಎರಡು ತುಂಡುಗಳನ್ನೂ ಮೇಲಿಂದ ಹಿಡಿದುಕೊಂಡಿರುತ್ತದೆ. ನೀವು ಕೆಳಗಿಂದ ಎತ್ತಿದ ಬಲವೆಲ್ಲಾ ಮುಂದಿನ ಗ್ಲಾಸಿನ ಮೇಲೆ ಬೀಳುತ್ತದೆ.

ಈಗ ಎರಡು ತುಂಡು ಸೇರುವ ಜಾಗದ ಆಸುಪಾಸಿನ ಬೋಲ್ಟ್‌ಗಳನ್ನು ಸಡಿಲಿಸಿ. ಜಾಕ್ ಮೇಲೆ ಮರದ ಹಲಗೆ ಇಟ್ಟು ಬಾಡಿಯನ್ನು ಮೆಲ್ಲಗೆ ಎತ್ತಿ, ಕಣ್ಣು ಡೋರಿನ ಸಂದಿನ ಮೇಲಿರಲಿ. ನಡುಭಾಗ ಏರಿದಂತೆ ಮೇಲಿನ ಸಂದು ತೆರೆಯುತ್ತದೆ, ಕೆಳಗಿನದು ಮುಚ್ಚುತ್ತದೆ. 1 ಮಿ.ಮೀ. ಪ್ಯಾಕಿಂಗಿಗೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಎಡ ಬಲ ಎರಡೂ ಕಡೆ ಒಟ್ಟಿಗೆ ನೋಡಿಕೊಳ್ಳಿ, ಒಂದೇ ಕಡೆ ಎತ್ತಿದರೆ ಬಾಡಿ ತಿರುಚಿಕೊಳ್ಳುತ್ತದೆ. ಡೋರ್ ಜಾಗದ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು, ಎರಡೂ ಕಡೆಯ ಅಳತೆ ಹೋಲಿಸಿ.

ಪ್ಯಾಕಿಂಗಿಗೆ ಬರೀ ಮೆತ್ತನೆ ರಬ್ಬರ್ ಬೇಡ, ದಿನ ಕಳೆದಂತೆ ಕುಸಿಯುತ್ತದೆ. ಉಕ್ಕಿನ ತಟ್ಟೆ ಕತ್ತರಿಸಿ ಬಣ್ಣ ಹೊಡೆದು, ಅದರ ಮೇಲೆ ನೂಲಿರುವ ಗಟ್ಟಿ ರಬ್ಬರ್ ಇಡಿ. ಸಂದು ಅಳೆಯಲು ಡ್ರಿಲ್ ಬಿಟ್ಟಿನ ಹಿಂಭಾಗ ಸಾಕು. 5 ಮಿ.ಮೀ. ಬಿಟ್ ಮೇಲಿಂದ ಕೆಳಗೆ ಒಂದೇ ಹದದಲ್ಲಿ ಜಾರಬೇಕು.

ಸಂದು ಸಮ ಆದಮೇಲೆ ಹಿಂಜ್ ಬೋಲ್ಟ್. ಡೋರ್ ಹೊರಗೆ ಉಬ್ಬಿದ್ದರೆ ಅಥವಾ ಒಳಗೆ ಕೂತಿದ್ದರೆ ಅಲ್ಲಿ ಸರಿಮಾಡಿ. ಒಂದು ಸಲಕ್ಕೆ ಒಂದೇ ಹಿಂಜ್ ಸಡಿಲಿಸಿ. ಕಟ್ಟಕಡೆಗೆ ಸ್ಟ್ರೈಕರ್. ಅದರ ಕೆಲಸ ಡೋರನ್ನು ಹಿಡಿದಿಡುವುದು ಮಾತ್ರ. ಮುಚ್ಚುವಾಗ ಡೋರನ್ನು ಎತ್ತುವ ಕೆಲಸವನ್ನೂ ಅದಕ್ಕೆ ಕೊಟ್ಟರೆ ಲಾಕೂ ಹಾಳು, ಹಿಂಜೂ ಹಾಳು.

ದಾವಣಗೆರೆ ಪದ್ಮಿನಿ

ಸರ್, ಪದ್ಮಿನಿಗೂ ಈ ಪ್ಯಾಕಿಂಗ್ ಲೆಕ್ಕ ನಡೆಯುತ್ತಾ?

ಹಳೇ ಬಾಡಿ ಕೆಲಸ, ಬೆಂಗಳೂರು

ಇಲ್ಲ ಅಣ್ಣ. ಅದು ಫಿಯಟ್ 1100, ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲಾ ಭಾರ ಹೊರುವುದು. ಅಲ್ಲಿ ಸಿಲ್ ತುಕ್ಕು ಹಿಡಿದರೆ ಕಂಬವೇ ಇಳಿಯುತ್ತದೆ. ಡೋರ್ ಮುಚ್ಚಿಟ್ಟು ಸಿಲ್ ಕೆಳಗೆ ಜಾಕ್ ಕೊಟ್ಟು ನೋಡಿ. ಸಂದು ಕಣ್ಣೆದುರೇ ಬದಲಾದರೆ ಒಳಗೆ ಟೊಳ್ಳಾಗಿದೆ. ಸಿಲ್ ಕತ್ತರಿಸುವ ಮೊದಲು ಡೋರ್ ಜಾಗಕ್ಕೆ ಅಡ್ಡ ಪೈಪ್ ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಕತ್ತರಿಸಿದ ಗಳಿಗೆಯಲ್ಲೇ ಅಳತೆ ತಪ್ಪುತ್ತದೆ.

ಮೈಸೂರು ಹೆರಾಲ್ಡ್

ಸರ್, ಚಾಸಿ ಗಟ್ಟಿ ಇತ್ತು. ಬಲಗಡೆ 4 ಮಿ.ಮೀ., ಎಡಗಡೆ 3 ಮಿ.ಮೀ. ತಟ್ಟೆ ಹಾಕಿದೆವು. ಈಗ ಸಂದು ಮೇಲೆ ಕೆಳಗೆ ಒಂದೇ ಸಮ. ಸ್ಟ್ರೈಕರ್ ಇಲ್ಲದೆಯೇ ಡೋರ್ ತಾನಾಗಿ ಜಾಗಕ್ಕೆ ಬಂದು ಕೂರುತ್ತಿದೆ. ಟಿಂಕರ್ ಕೂಡ ಖುಷಿಪಟ್ಟರು. ಆದರೆ ಬಾನೆಟ್ಟಿನ ಹಿಂದಿನ ಸಂದು ಬದಲಾಗಿದೆ. ಪ್ಯಾಕಿಂಗ್ ತೆಗೆಯಬೇಕಾ?

ಹಳೇ ಬಾಡಿ ಕೆಲಸ, ಬೆಂಗಳೂರು

ಪ್ಯಾಕಿಂಗ್ ಮುಟ್ಟಬೇಡಿ. ಮುಂದಿನ ತುಂಡು ಮುಂದಕ್ಕೆ ವಾಲಿತು, ಅದಕ್ಕೇ ಬಾನೆಟ್ ಸಂದು ಕಿರಿದಾಗಿದೆ. ಹೆರಾಲ್ಡ್ ಬಾನೆಟ್ ಮುಂದಿನ ಹಿಂಜ್ ಮೇಲೆ ತೆರೆಯುವುದು, ಅದನ್ನು ಅಲ್ಲೇ ಸರಿಸಬಹುದು. ಮೊದಲು ರೂಫ್, ಸಿಲ್ ಬೋಲ್ಟ್ ಬಿಗಿಮಾಡಿ, ಬೀಡಿಂಗ್ ಹಾಕಿ. ಗಾಡಿಯನ್ನು ಸ್ವಲ್ಪ ಓಡಿಸಿ ಎಲ್ಲಾ ಬೋಲ್ಟ್ ಮತ್ತೊಮ್ಮೆ ನೋಡಿ. ಬಾನೆಟ್ ಆಮೇಲೆ, ಪೇಂಟ್ ಅದಾದ ಮೇಲೆ.