ಬಾಣಂತನದ ರಜೆಯ ದುಡ್ಡಿಗೆ ಟ್ಯಾಕ್ಸ್ ಇದೆಯಾ? 1099-ಜಿ ಬಂದವರು ಅನುಭವ ಹೇಳಿ

ಫ್ರೀಮಾಂಟ್‌ನಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. 2025ರ ಬೇಸಿಗೆಯಲ್ಲಿ ನಮಗೆ ಮಗಳು ಹುಟ್ಟಿದಳು. ಹೆರಿಗೆಗೆ ಮುಂಚೆ 4 ವಾರ, ಆಮೇಲೆ 6 ವಾರ ನನಗೆ ಎಸ್‌ಡಿಐ (ಮೈ ಸರಿ ಇಲ್ಲದೆ ಕೆಲಸ ಮಾಡಲಾಗದಾಗ ಕ್ಯಾಲಿಫೋರ್ನಿಯಾ ರಾಜ್ಯದ ವಿಮೆ ಕೊಡೋ ದುಡ್ಡು) ಇತ್ತು. ಅದಾದ ಮೇಲೆ ಮಗು ನೋಡಿಕೊಳ್ಳೋಕೆ 8 ವಾರ ಪಿಎಫ್‌ಎಲ್ (ಪೇಯ್ಡ್ ಫ್ಯಾಮಿಲಿ ಲೀವ್, ಕುಟುಂಬಕ್ಕಾಗಿ ಹಾಕೋ ರಜೆಯ ದುಡ್ಡು). ಈಗ ಈ ದುಡ್ಡು ಕೊಡೋ ರಾಜ್ಯದ ಇಲಾಖೆ ಇಡಿಡಿಯಿಂದ 1099-ಜಿ (ಸರ್ಕಾರ ಕೊಟ್ಟ ದುಡ್ಡು ತೋರಿಸೋ ಟ್ಯಾಕ್ಸ್ ಫಾರ್ಮ್) ಬಂದಿದೆ. ಬಾಕ್ಸ್ 1ರಲ್ಲಿ 13,448 ಡಾಲರ್ ಇದೆ, ಎಸ್‌ಡಿಐ ದುಡ್ಡಿನ ಸುದ್ದಿಯೇ ಇಲ್ಲ. ಬಿಟ್ಟುಹೋಗಿದೆಯಾ? ಸಾಫ್ಟ್‌ವೇರ್‌ಗೆ ಹಾಕಿದರೆ ನಿರುದ್ಯೋಗ ಭತ್ಯೆ ಅಂತ ತೋರಿಸುತ್ತದೆ. ನಾನು ಕೆಲಸ ಬಿಟ್ಟೇ ಇಲ್ಲವಲ್ಲ! ನನ್ನದು ಕೆಲಸದ ಮೇಲೇ ನಿಂತ ಎಚ್-1ಬಿ ವೀಸಾ ಬೇರೆ. ಭಯ ಆಗ್ತಿದೆ.

ಸ್ಯಾನ್ ಹೋಸೆಯಿಂದ:
ಮೊದಲು ಮಗಳಿಗೆ ಶುಭಾಶಯ. ಭಯ ಬೇಡ, ಆದರೆ ಆ 13,448 ಮಾತ್ರ ಬಿಡಬೇಡಿ. ನಾನು ಬಿಟ್ಟು ಅನುಭವಿಸಿದ್ದೇನೆ.

2021ರಲ್ಲಿ ನನ್ನ ಮಗ ಹುಟ್ಟಿದ. ಬೆಂಗಳೂರಲ್ಲಿ ಅಕ್ಕನಿಗೆ 26 ವಾರ ಹೆರಿಗೆ ರಜೆ ಸಿಕ್ಕಿತ್ತು. ಅಲ್ಲಿ ಅದು ಸಂಬಳ, ಎಲ್ಲ ಫಾರ್ಮ್ 16ರಲ್ಲೇ ಬಂತು. ಇಲ್ಲೂ ಹಾಗೇ ಡಬ್ಲ್ಯು-2ರಲ್ಲಿ (ಕಂಪನಿ ಕೊಡೋ ವರ್ಷದ ಸಂಬಳದ ಫಾರ್ಮ್) ಸೇರಿರುತ್ತದೆ ಅಂತ ನಂಬಿದ್ದೆ. ನಡುವೆ ಮನೆ ಬದಲಾಯಿಸಿದ್ದೆವು, 1099-ಜಿ ಹಳೇ ವಿಳಾಸಕ್ಕೆ ಹೋಗಿತ್ತು. ರಿಟರ್ನ್ ಹಾಕಿ ಒಂದು ವರ್ಷ ದಾಟಿದ ಮೇಲೆ ಐಆರ್‌ಎಸ್‌ನಿಂದ (ಫೆಡರಲ್ ಟ್ಯಾಕ್ಸ್ ಇಲಾಖೆ) ದಪ್ಪ ಲಕೋಟೆ ಬಂತು. ಸಿಪಿ2000 ನೋಟಿಸ್. ಒಳಗೆ ಒಂದು ಪಟ್ಟಿ: ನೀವು ತೋರಿಸಿದ್ದು ಸೊನ್ನೆ, ನಮಗೆ ಬಂದ ಮಾಹಿತಿ 10,856, ವ್ಯತ್ಯಾಸ 10,856. ನಮ್ಮದು 22% ಸ್ಲ್ಯಾಬ್. ಸುಮಾರು 2,400 ಡಾಲರ್ ಟ್ಯಾಕ್ಸ್, ಮೇಲೆ ಬಡ್ಡಿ. ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಆ ಪಟ್ಟಿಯನ್ನು ಮೂರು ಸಲ ಓದಿದೆ. ಕೈ ನಡುಗುತ್ತಿತ್ತು. ಆಮೇಲೆ ನೋಡಿದರೆ ಅಷ್ಟೇನೂ ಕಷ್ಟ ಇರಲಿಲ್ಲ. ಒಪ್ಪಿದ್ದೇನೆ ಅನ್ನೋ ಕಡೆ ಗುರುತು ಹಾಕಿ, ಸಹಿ ಮಾಡಿ, ಗಡುವಿನೊಳಗೆ ಕಳಿಸಿ ದುಡ್ಡು ಕಟ್ಟಿದೆ. ಅಲ್ಲಿಗೆ ಮುಗಿಯಿತು. ನೋಟಿಸ್ ಬರೋ ಮುಂಚೆಯೇ ತಪ್ಪು ಕಣ್ಣಿಗೆ ಬಿದ್ದವರು 1040-ಎಕ್ಸ್ (ತಿದ್ದಿದ ರಿಟರ್ನ್) ಹಾಕಿಬಿಡಿ.

ಈಗ ನಿಮ್ಮ ಲೆಕ್ಕ. ಎಸ್‌ಡಿಐ ಬಿಟ್ಟುಹೋಗಿಲ್ಲ. ಅದು ನಿಮ್ಮ ಮೈಗೆ ಸಂಬಂಧಿಸಿದ ರಜೆ. ಟ್ಯಾಕ್ಸ್ ಕಟ್ಟಿದ ಸಂಬಳದಿಂದ ನೀವೇ ಕಂತು ಕಟ್ಟಿದ್ದೀರಿ, ಡಬ್ಲ್ಯು-2ರ ಬಾಕ್ಸ್ 14ರಲ್ಲಿ ಸಿಎಎಸ್‌ಡಿಐ ಅಂತ ಇದೆ ನೋಡಿ. ಹಾಗಾಗಿ ಆ ದುಡ್ಡಿಗೆ ಟ್ಯಾಕ್ಸ್ ಇಲ್ಲ, ಫಾರ್ಮೂ ಬರಲ್ಲ. ನಿರುದ್ಯೋಗ ಭತ್ಯೆಯ ಬದಲಿಗೆ ಎಸ್‌ಡಿಐ ತಗೊಂಡವರಿಗೆ ಮಾತ್ರ ಬೇರೆ ನಿಯಮ. ಪಿಎಫ್‌ಎಲ್ ಹಾಗಲ್ಲ. ಅದು ಕಾಯಿಲೆಗೆ ಕೊಡೋ ದುಡ್ಡಲ್ಲ, ಫೆಡರಲ್ ಲೆಕ್ಕದಲ್ಲಿ ಆದಾಯ. 2025ರ ಜನವರಿಯಲ್ಲಿ ಐಆರ್‌ಎಸ್ ಹೊರಡಿಸಿದ ರೆವೆನ್ಯೂ ರೂಲಿಂಗ್ 2025-4ರಲ್ಲೂ ಇದೇ ಇದೆ. ಆದಾಯ ಹೌದು, ಸಂಬಳ ಅಲ್ಲ. ಅದಕ್ಕೇ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತ ಇಲ್ಲ.

ನಿರುದ್ಯೋಗ ಅನ್ನೋ ಹೆಸರು ನೋಡಿ ನನಗೂ ಹೊಟ್ಟೆಯಲ್ಲಿ ಸಂಕಟ ಆಗಿತ್ತು. 1099-ಜಿ ಬಾಕ್ಸ್ 1ರ ಮೊತ್ತ ಫೆಡರಲ್ ರಿಟರ್ನ್‌ನ ಶೆಡ್ಯೂಲ್ 1ರ 7ನೇ ಸಾಲಿಗೆ ಹೋಗುತ್ತದೆ, ಆ ಸಾಲಿನ ಹೆಸರು ಹಾಗಿದೆ, ಅಷ್ಟೇ. ನೀವು ಕೆಲಸ ಕಳೆದುಕೊಂಡಿರಿ ಅಂತ ಅದರರ್ಥ ಅಲ್ಲ. ಪಿಎಫ್‌ಎಲ್‌ಗೆ ಪೌರತ್ವ ಕೇಳಲ್ಲ, ಅದು ನೀವು ಕಂತು ಕಟ್ಟಿದ ವಿಮೆ.

ಇನ್ನೊಂದು ಮುಖ್ಯ. ಕ್ಯಾಲಿಫೋರ್ನಿಯಾ ಇದಕ್ಕೆ ಟ್ಯಾಕ್ಸ್ ಹಾಕಲ್ಲ. ಸ್ಟೇಟ್ ರಿಟರ್ನ್‌ನ ಶೆಡ್ಯೂಲ್ ಸಿಎಯಲ್ಲಿ ಅದೇ 7ನೇ ಸಾಲು, ಬಿ ಕಾಲಮ್‌ನಲ್ಲಿ 13,448 ಕಳೆದಿದೆಯಾ ಅಂತ ನೀವೇ ಕಣ್ಣಾರೆ ನೋಡಿ. ಸಾಫ್ಟ್‌ವೇರ್ ಮೇಲೆ ಭಾರ ಹಾಕಿ ಸುಮ್ನೆ ಕೂರಬೇಡಿ.

ಸನಿವೇಲ್‌ನಿಂದ, ಒಬ್ಬ ಅಪ್ಪ:
ನಾನು 2024ರ ಕೊನೆಗೆ 4 ವಾರ, 2025ರಲ್ಲಿ 4 ವಾರ ತಗೊಂಡೆ. ರಜೆ ಯಾವಾಗ ಹಾಕಿದಿರಿ ಅನ್ನೋದಲ್ಲ, ದುಡ್ಡು ಯಾವ ವರ್ಷ ಬಂತು ಅನ್ನೋದೇ ಲೆಕ್ಕ. ಡಿಸೆಂಬರ್ ಕೊನೆಯ ವಾರದ ದುಡ್ಡು ನನಗೆ ಜನವರಿಯಲ್ಲಿ ಬಂತು, ಅದು 2025ಕ್ಕೇ ಸೇರಿತು.

ಕಂಪನಿ ಮೇಲಿಂದ ತುಂಬಿಕೊಟ್ಟ ಸಂಬಳ ಡಬ್ಲ್ಯು-2ರಲ್ಲಿ ಇರುತ್ತದೆ. ಅದನ್ನು ಮತ್ತೆ ಸೇರಿಸಬೇಡಿ ಮೇಡಂ. ಬಾಕ್ಸ್ 14ರಲ್ಲಿ ವಿಪಿಡಿಐ ಅಂತಿದ್ದರೆ ನಿಮ್ಮ ಕಂಪನಿಯದು ಸ್ವಂತ ಪ್ಲ್ಯಾನ್. ಆಗ ಇಡಿಡಿಯನ್ನಲ್ಲ, ಆ ಪ್ಲ್ಯಾನ್ ನಡೆಸೋರನ್ನ ಕೇಳಬೇಕು.

ಎಡಿಸನ್, ನ್ಯೂಜೆರ್ಸಿಯಿಂದ:
ನಮ್ಮಲ್ಲೂ ಫ್ಯಾಮಿಲಿ ಲೀವ್ ದುಡ್ಡಿಗೆ ಫೆಡರಲ್ ಟ್ಯಾಕ್ಸ್ ಇದೆ, ಸ್ಟೇಟ್ ಟ್ಯಾಕ್ಸ್ ಇಲ್ಲ. ಅರ್ಜಿ ಹಾಕುವಾಗಲೇ 10% ಹಿಡಿದುಕೊಳ್ಳಿ ಅಂತ ಹೇಳಿದ್ದೆ, ಬಾಕ್ಸ್ 4ರಲ್ಲಿ ಬಂತು, ಏಪ್ರಿಲ್‌ನಲ್ಲಿ ಹೊರೆ ಆಗಲಿಲ್ಲ. ಹೊಳೆ ಆಚೆ ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡೋ ನನ್ನ ನಾದಿನಿಗೆ ಸ್ಟೇಟ್ ಟ್ಯಾಕ್ಸೂ ಬಿತ್ತು. ಕ್ಯಾಲಿಫೋರ್ನಿಯಾದವರ ಮಾತು ಕೇಳಿ ಅವಳು ಕಳೆಯೋಕೆ ಹೊರಟಿದ್ದಳು, ತಡೆದೆ.

ಸಿಯಾಟಲ್‌ನಿಂದ:
ಇಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸೇ ಇಲ್ಲ. ಮಗು ಜೊತೆ ಇದ್ದ ರಜೆಯ ದುಡ್ಡಿಗೆ 1099-ಜಿ ಬಂತು, ಫೆಡರಲ್‌ನಲ್ಲಿ ತೋರಿಸಿದೆ.

ಸ್ಯಾನ್ ಹೋಸೆಯಿಂದ ಮತ್ತೆ:
ಎಡಿಸನ್‌ನವರು ಹೇಳಿದ್ದು ಸರಿ, ಮುಂಚೆಯೇ ಸ್ವಲ್ಪ ಹಿಡಿಸೋದು ಒಳ್ಳೇದು. ಎರಡನೇ ಮಗುವಿಗೆ ನಾನು ಕೆಲಸಕ್ಕೆ ವಾಪಸ್ ಬಂದ ವಾರವೇ ಡಬ್ಲ್ಯು-4 (ಸಂಬಳದಲ್ಲಿ ಎಷ್ಟು ಟ್ಯಾಕ್ಸ್ ಹಿಡಿಯಬೇಕು ಅಂತ ಕಂಪನಿಗೆ ಹೇಳೋ ಫಾರ್ಮ್) ತಿದ್ದಿದೆ. 4(ಸಿ)ಯಲ್ಲಿ ಪ್ರತಿ ಸಂಬಳಕ್ಕೂ ಇಷ್ಟು ಜಾಸ್ತಿ ಹಿಡಿಯಿರಿ ಅಂತ ಬರೆದೆ. ಬಾಕ್ಸ್ 14ರ ಸಿಎಎಸ್‌ಡಿಐ ಮೊತ್ತವನ್ನೂ ಮರೆಯಬೇಡಿ. 2025ರಲ್ಲಿ ಅದು ಸಂಬಳದ 1.2%, ಮಿತಿ ಇಲ್ಲ. 1,50,000 ಡಾಲರ್ ಸಂಬಳಕ್ಕೆ 1,800. ಮನೆ ಸಾಲ ಇದ್ದು ಶೆಡ್ಯೂಲ್ ಎ (ಆದಾಯದಿಂದ ಕಳೆಯೋ ಖರ್ಚುಗಳ ಪಟ್ಟಿ) ಹಾಕೋರು ಅದನ್ನು ಸ್ಟೇಟ್ ಟ್ಯಾಕ್ಸ್ ಜೊತೆ ಸೇರಿಸಬಹುದು.

ಫ್ರೀಮಾಂಟ್‌ನಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿ ಕಾಲಮ್ ನೋಡಿದೆ, ಖಾಲಿ ಇತ್ತು! ಪಿಎಫ್‌ಎಲ್ ಅಂತ ಗುರುತು ಹಾಕಿದ ಮೇಲೆ ಕಳೆಯಿತು. ಒಂದು ಸಂಶಯ. ನಮ್ಮೆಜಮಾನ್ರೂ ಅಕ್ಟೋಬರ್‌ನಲ್ಲಿ 3 ವಾರ ಪಿಎಫ್‌ಎಲ್ ತಗೊಂಡಿದ್ದರು. ಅವರ ಫಾರ್ಮ್ ಬಂದೇ ಇಲ್ಲ.

ಸ್ಯಾನ್ ಹೋಸೆಯಿಂದ:
ಅವರದು ಬೇರೆ 1099-ಜಿ ಇರುತ್ತದೆ. ಅಂಚೆಗೆ ಕಾಯಬೇಡಿ, ಅವರ myEDD ಆನ್‌ಲೈನ್ ಖಾತೆಯಲ್ಲೇ ಸಿಗುತ್ತದೆ. ಇವತ್ತೇ ನೋಡಿಸಿ.

ಫ್ರೀಮಾಂಟ್‌ನಿಂದ:
ಸಿಕ್ಕಿತು ಅಕ್ಕಾ. 5,043 ಡಾಲರ್. ರಿಟರ್ನ್ ಇನ್ನೂ ಕಳಿಸಿರಲಿಲ್ಲ.